ವೇಗ ಬೇಕಾ? ವೋಲ್ಟೇಜ್ ಇಳಿಸಿ ನೋಡಿ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ನನ್ನದು ರೈಜನ್ 5 5600 ಪ್ರೊಸೆಸರ್, ಬಿ550 ಬೋರ್ಡ್, 3200ರ ಎರಡು 8 ಜಿಬಿ ರ‍್ಯಾಮ್, 550 ವ್ಯಾಟ್ ಪವರ್ ಸಪ್ಲೈ. ಕೂಲರ್ ಪ್ರೊಸೆಸರ್ ಜೊತೆ ಬಾಕ್ಸ್‌ನಲ್ಲಿ ಬಂದದ್ದೇ. ಒಂದು ವಿಡಿಯೋದಲ್ಲಿ ಇದೇ ಪ್ರೊಸೆಸರ್‌ಗೆ 1.4 ವೋಲ್ಟ್ ಕೊಟ್ಟು 4.7 ಗಿಗಾಹರ್ಟ್ಸ್‌ನಲ್ಲಿ ಓಡಿಸಿದ್ದಾರೆ. ನಾನೂ ಹಾಗೇ ಮಾಡಬಹುದಾ ಸರ್? ಸುಟ್ಟು ಹೋಗುತ್ತಾ? ನಾನು ಇದಕ್ಕೆ ಪೂರ್ತಿ ಹೊಸಬ.

ಉತ್ತರ: ಆ ವಿಡಿಯೋದ ಅಂಕಿಗಳನ್ನು ಹಾಗೇ ಹಾಕಬೇಡಿ. ಹಾಕಿದ ತಕ್ಷಣ ಹೊಗೆ ಬರುತ್ತದೆ ಅಂತಲ್ಲ. ನಿಮ್ಮ ಪ್ರೊಸೆಸರ್ 90 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಕಂಪ್ಯೂಟರ್ ಆಫ್ ಆಗುತ್ತದೆ. ಬರೀ ಬಿಸಿಯಿಂದ ಒಂದೇ ದಿನದಲ್ಲಿ ಪ್ರೊಸೆಸರ್ ಸತ್ತದ್ದು ಈಗಿನ ಕಾಲದಲ್ಲಿ ಅಪರೂಪ. ಆದರೆ ಜಾಸ್ತಿ ವೋಲ್ಟೇಜ್ ನಿಧಾನವಾಗಿ ತಿನ್ನುತ್ತದೆ. ಚಿಪ್ ಒಳಗಿನ ತಂತಿಗಳು ಕೂದಲಿಗಿಂತ ಸಾವಿರಾರು ಪಟ್ಟು ತೆಳು. ಬಿಸಿಯಲ್ಲಿ, ಜೋರು ಕರೆಂಟ್‌ನಲ್ಲಿ ಆ ತಂತಿಯ ಲೋಹದ ಕಣಗಳು ಸ್ವಲ್ಪ ಸ್ವಲ್ಪವೇ ಜಾಗ ಬಿಟ್ಟು ಸರಿಯುತ್ತವೆ. ಇವತ್ತು 1.4 ವೋಲ್ಟ್‌ನಲ್ಲಿ ಸರಾಗವಾಗಿ ಓಡಿದ್ದು ಒಂದು ವರ್ಷದ ನಂತರ ಅದೇ ವೋಲ್ಟ್‌ನಲ್ಲಿ ತೊದಲಬಹುದು. ವಿಡಿಯೋ ಮಾಡಿದವರು ಆ ಒಂದು ವರ್ಷವನ್ನು ತೋರಿಸಿರುವುದಿಲ್ಲ, ಅಲ್ವಾ?

ಲೆಕ್ಕ ಹಾಕಿ ನೋಡಿ, ಇದು ಕಷ್ಟದ ಲೆಕ್ಕವಲ್ಲ. ಪ್ರೊಸೆಸರ್ ಎಳೆಯುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ. ವೋಲ್ಟೇಜ್ ಜೊತೆ ಅದರ ವರ್ಗದಷ್ಟು ಏರುತ್ತದೆ. ಈಗ ಎಲ್ಲ ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕಗಳು, ನಿಮ್ಮದರಲ್ಲಿ ಆರು) ಕೆಲಸ ಮಾಡುವಾಗ ನಿಮ್ಮದು ಸುಮಾರು 1.2 ವೋಲ್ಟ್, 4.2 ಗಿಗಾಹರ್ಟ್ಸ್‌ನಲ್ಲಿದೆ ಎಂದಿಟ್ಟುಕೊಳ್ಳಿ. 1.4 ವೋಲ್ಟ್, 4.7 ಗಿಗಾಹರ್ಟ್ಸ್ ಮಾಡಿದರೆ ವೇಗ ಶೇ. 12 ಜಾಸ್ತಿ ಆಯಿತು. ಬಿಸಿ? 1.4ನ್ನು 1.2ರಿಂದ ಭಾಗಿಸಿ, ವರ್ಗ ಮಾಡಿ, 1.12ರಿಂದ ಗುಣಿಸಿ. ಒಂದೂವರೆ ಪಟ್ಟು ಬರುತ್ತದೆ. ಶೇ. 12 ವೇಗಕ್ಕೆ ಶೇ. 50 ಬಿಸಿ. ಕಂಪನಿ ನಿಮ್ಮ 5600ಕ್ಕೆ ಇಟ್ಟಿರುವ ವಿದ್ಯುತ್ ಮಿತಿ 76 ವ್ಯಾಟ್. ಅದು 115 ವ್ಯಾಟ್ ದಾಟುತ್ತದೆ. ನಿಮ್ಮ ಬಾಕ್ಸ್ ಕೂಲರ್ ಅಂಗೈಯಗಲದ ಒಂದು ಅಲ್ಯೂಮಿನಿಯಂ ಬಿಲ್ಲೆ, ಮೇಲೊಂದು ಫ್ಯಾನ್, ಅಷ್ಟೇ. 76 ವ್ಯಾಟ್‌ಗೇ ಅದು ಏದುಸಿರು ಬಿಡುತ್ತದೆ.

ಜೊತೆಗೆ ನಿಮ್ಮೂರು ಕಲಬುರಗಿ. ಇದನ್ನು ಮರೆಯಬೇಡಿ. ಯಾವ ಕೂಲರ್ ಆದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಪ್ರೊಸೆಸರ್ ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲುತ್ತದೆ ಎಂಬುದಷ್ಟೇ ಕೂಲರ್‌ನ ಕೈಯಲ್ಲಿರುವುದು. ಏಸಿ ಹಾಕಿದ 24 ಡಿಗ್ರಿ ಕೋಣೆಯಲ್ಲಿ ಒಬ್ಬರಿಗೆ 75 ಡಿಗ್ರಿ ಬಂದರೆ, ಮೇ ತಿಂಗಳಲ್ಲಿ ನಿಮ್ಮ 38 ಡಿಗ್ರಿ ಕೋಣೆಯಲ್ಲಿ ಅದೇ ಸೆಟ್ಟಿಂಗ್‌ಗೆ 89 ಬರುತ್ತದೆ. ಮಿತಿಗೆ ಒಂದೇ ಡಿಗ್ರಿ ಬಾಕಿ.

ಹಾಗಾದರೆ ಓವರ್‌ಕ್ಲಾಕ್, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವುದು, ಮಾಡಲೇಬಾರದಾ? ಮಾಡಿ. ಆದರೆ ಈ ಕಾಲದ ಪ್ರೊಸೆಸರ್‌ಗೆ ತಕ್ಕ ಹಾಗೆ ಮಾಡಿ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಬಂದಾಗ ಜನ ಬಸ್ (ಪ್ರೊಸೆಸರ್ ಮತ್ತು ಬೋರ್ಡ್ ನಡುವಿನ ದಾರಿ) ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ, 300ರ ಚಿಪ್ಪನ್ನು 450ರಲ್ಲಿ ಓಡಿಸಿದರು. ಅರ್ಧದಷ್ಟು ವೇಗ ಪುಕ್ಕಟೆ! ಆಗ ಕಂಪನಿಗಳು ಅಷ್ಟೊಂದು ವೇಗವನ್ನು ಬಳಸದೇ ಬಿಟ್ಟಿರುತ್ತಿದ್ದವು. ಈಗ ಬಿಡುವುದಿಲ್ಲ. ನಿಮ್ಮ 5600ರ ಮೂಲ ವೇಗ 3.5 ಗಿಗಾಹರ್ಟ್ಸ್. ಆದರೆ ಅದು ತನ್ನ ಬಿಸಿ, ವಿದ್ಯುತ್ತು, ಕರೆಂಟ್ ಇವನ್ನು ಸೆಕೆಂಡಿಗೆ ನೂರಾರು ಸಲ ನೋಡಿಕೊಂಡು 4.4ರವರೆಗೆ ತಾನೇ ಏರುತ್ತದೆ. ಅಂದರೆ ಓವರ್‌ಕ್ಲಾಕ್ ಮಾಡುವ ಒಬ್ಬ ಕೆಲಸಗಾರ ಚಿಪ್ ಒಳಗೇ ಕೂತಿದ್ದಾನೆ. ಅವನನ್ನು ಎಬ್ಬಿಸಿ ಕಳಿಸಿ ನೀವು ಕೂರುವುದಕ್ಕಿಂತ, ಅವನಿಗೆ ಜಾಗ ಮಾಡಿಕೊಡುವುದು ಜಾಣತನ.

ಜಾಗ ಮಾಡಿಕೊಡುವುದು ಹೇಗೆ? ತಣ್ಣಗಿಡಿ, ಮತ್ತು ವೋಲ್ಟೇಜ್ ಇಳಿಸಿ. ಸರಿಯಾಗೇ ಓದಿದ್ದೀರಿ, ಇಳಿಸಿ. ಒಂದೇ ಮಾದರಿಯ ಲಕ್ಷಾಂತರ ಚಿಪ್‌ಗಳಲ್ಲಿ ಕೆಲವು ಚೆನ್ನಾಗಿರುತ್ತವೆ, ಕೆಲವು ಸುಮಾರಾಗಿರುತ್ತವೆ. ಯಾವುದೂ ಕೈಕೊಡಬಾರದು ಅಂತ ಕಂಪನಿ ಎಲ್ಲಕ್ಕೂ ಸ್ವಲ್ಪ ಹೆಚ್ಚೇ ವೋಲ್ಟೇಜ್ ಇಟ್ಟಿರುತ್ತದೆ. ನಿಮ್ಮ ಚಿಪ್‌ಗೆ ಅಷ್ಟು ಬೇಕಿಲ್ಲದಿದ್ದರೆ ಆ ಹೆಚ್ಚುವರಿ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಅದನ್ನು ತೆಗೆದರೆ ಅದೇ 76 ವ್ಯಾಟ್ ಒಳಗೆ ಜಾಗ ಸಿಗುತ್ತದೆ, ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುತ್ತದೆ. ನಾನು ಹೊಸಬರಿಗೆಲ್ಲ ಹೇಳುವುದು ಈ ಒಂದೇ ದಾರಿ.

ಏನನ್ನೂ ಮುಟ್ಟುವ ಮೊದಲು ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಿ. ತಾಪ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಮತ್ತು ಪ್ರೊಸೆಸರ್‌ಗೆ ಕೆಲಸ ಕೊಟ್ಟು ವೇಗಕ್ಕೆ ಅಂಕ ಹಾಕುವ ಸಿನಿಬೆಂಚ್ ಆರ್23, ಎರಡೂ ಉಚಿತವಾಗಿ ಸಿಗುತ್ತವೆ. ಸಿನಿಬೆಂಚ್‌ನ ಮಲ್ಟಿ ಕೋರ್ ಪರೀಕ್ಷೆಯನ್ನು 10 ನಿಮಿಷ ಓಡಿಸಿ. ಅಂಕ, ಗರಿಷ್ಠ ತಾಪ, ಕೋಣೆಯ ತಾಪ, ಈ ಮೂರನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಕಂಪ್ಯೂಟರ್‌ನಲ್ಲಿ ಬೇಡ, ಕಾಗದದ ಮೇಲೆ. ಅದು ಬೂಟ್ ಆಗದ ದಿನವೇ ನಿಮಗೆ ಆ ಪುಟ ಬೇಕಾಗುವುದು. ನಿಮ್ಮದೇ ಒಂದು ಮದುವೆ ಕ್ಲಿಪ್ ಎಕ್ಸ್‌ಪೋರ್ಟ್ ಮಾಡಿ ಎಷ್ಟು ಹೊತ್ತಾಯಿತು ಅಂತಲೂ ಬರೆಯಿರಿ. ಕೊನೆಗೆ ನಿಮಗೆ ಲೆಕ್ಕಕ್ಕೆ ಬರುವುದು ಅದೇ ತಾನೇ.

ಎಚ್‌ಡಬ್ಲ್ಯೂಇನ್ಫೋದಲ್ಲಿ ಸುಮ್ಮನೆ ಕೂತಾಗಲೂ ಕೋರ್ ವೋಲ್ಟೇಜ್ 1.4 ದಾಟಿದ್ದು ಕಾಣಬಹುದು. ಹೆದರಬೇಡಿ. ಒಂದೇ ಕೋರ್ ಕ್ಷಣಕಾಲ ಓಡುವಾಗ, ಕರೆಂಟ್ ಕಡಿಮೆ ಇರುವಾಗ ಅದು ಸಹಜ. ಆ ಅಂಕಿ ನೋಡಿಯೇ ಬಹಳ ಜನ ‘1.4 ಸುರಕ್ಷಿತ’ ಅಂದುಕೊಂಡು ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ, ಬೋರ್ಡ್‌ನ ಸೆಟ್ಟಿಂಗ್ ಪುಟ) ಅದನ್ನೇ ಎಲ್ಲ ಕೋರ್‌ಗೂ ಖಾಯಂ ಮಾಡುತ್ತಾರೆ. ಆರೂ ಕೋರ್ ಗಂಟೆಗಟ್ಟಲೆ ಎಕ್ಸ್‌ಪೋರ್ಟ್ ಮಾಡುವಾಗ 1.4 ಕೊಡುವುದೇ ಬೇರೆ ಮಾತು.

ಮೊದಲ ಕೆಲಸ ರ‍್ಯಾಮ್. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. ಅಲ್ಲಿ 2133, 2400 ಅಥವಾ 2666 ಅಂತ ಇದ್ದರೆ, ನೀವು 3200ಕ್ಕೆ ದುಡ್ಡು ಕೊಟ್ಟು ಅದನ್ನು ಬಳಸುತ್ತಲೇ ಇಲ್ಲ ಎಂದರ್ಥ. ನನ್ನ ಬಳಿ ಬರುವ ಯಂತ್ರಗಳಲ್ಲಿ ಇದನ್ನು ಪದೇ ಪದೇ ನೋಡುತ್ತೇನೆ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ, ಅಂದರೆ ತಯಾರಕರು ಇಟ್ಟ ವೇಗವನ್ನು ಹಾಕುವ ಆಯ್ಕೆ, ಆನ್ ಮಾಡಿ. ಕೆಲವು ಬೋರ್ಡ್‌ಗಳಲ್ಲಿ ಇದರ ಹೆಸರು ಡಿಓಸಿಪಿ. ರ‍್ಯಾಮ್ ವೋಲ್ಟೇಜ್ 1.2ರಿಂದ 1.35 ಆಗುತ್ತದೆ. ಅದು ರ‍್ಯಾಮ್ ತಯಾರಿಸಿದವರೇ ಅದಕ್ಕೆ ಇಟ್ಟ ಅಂಕಿ. ನಿಮ್ಮ ಪ್ರೊಸೆಸರ್‌ಗೆ 3200ರವರೆಗೆ ಕಂಪನಿಯ ಒಪ್ಪಿಗೆಯೂ ಇದೆ. ಎರಡು ಸ್ಟಿಕ್‌ಗಳು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಇವೆಯಾ ನೋಡಿ. ಆಮೇಲೆ ಮೆಮೊರಿಯ ತಪ್ಪು ಹುಡುಕುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿ ಪೂರ್ತಿ ಓಡಲು ಬಿಡಿ. ಒಂದೇ ಒಂದು ತಪ್ಪು ಬಂದರೂ ಅದು ಫೇಲ್. ‘ಒಂದೇ ತಾನೇ’ ಅನ್ನಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಆ ಪರೀಕ್ಷೆ ಬಿಟ್ಟು ನಾನು ಕೈ ಸುಟ್ಟುಕೊಂಡಿದ್ದೇನೆ. ಕೆಲವು ವರ್ಷದ ಹಿಂದೆ ನನ್ನ ಸ್ವಂತ ಕಂಪ್ಯೂಟರ್‌ನಲ್ಲಿ 3200ರ ರ‍್ಯಾಮನ್ನು 3600ಕ್ಕೆ ಏರಿಸಿದೆ. ಗೇಮ್ ಓಡಿತು. ಸಿನಿಬೆಂಚ್ ಓಡಿತು. ಎರಡು ತಿಂಗಳು ಒಂದು ಸಲವೂ ಹ್ಯಾಂಗ್ ಆಗಲಿಲ್ಲ. ಆ ಎರಡು ತಿಂಗಳಲ್ಲಿ ಅಕ್ಕನ ಮೊಮ್ಮಗಳ ನಾಮಕರಣದ ಫೋಟೋಗಳನ್ನು ಕಾರ್ಡ್‌ನಿಂದ ಕಂಪ್ಯೂಟರ್‌ಗೆ, ಅಲ್ಲಿಂದ ಬ್ಯಾಕಪ್ ಡಿಸ್ಕ್‌ಗೆ ಹಾಕಿ, ಕಾರ್ಡ್ ಫಾರ್ಮ್ಯಾಟ್ ಮಾಡಿದ್ದೆ. ಆಮೇಲೆ ಆಲ್ಬಮ್ ಮಾಡಲು ತೆರೆದರೆ ಮಗುವಿನ ಹಣೆ, ಕಣ್ಣು ಸರಿಯಾಗಿವೆ. ಮೂಗಿನಿಂದ ಕೆಳಗೆ ಚಿತ್ರ ಪಕ್ಕಕ್ಕೆ ಸರಿದು, ಹಸಿರು ಬಣ್ಣ ಬಳಿದ ಹಾಗಿದೆ. ಅದರ ಕೆಳಗೆ ಪೂರ್ತಿ ಬೂದು. ಹೀಗೆ ಒಂಬತ್ತು ಫೋಟೋ. ಬ್ಯಾಕಪ್‌ನಲ್ಲೂ ಅದೇ, ಯಾಕೆಂದರೆ ಅಲ್ಲಿಗೆ ಹೋದದ್ದು ಕೆಟ್ಟ ಪ್ರತಿಯೇ. ಅವತ್ತು ರಾತ್ರಿ ಮೆಮ್‌ಟೆಸ್ಟ್ ಹಾಕಿದೆ. 20 ನಿಮಿಷದಲ್ಲಿ ಕೆಂಪು ಸಾಲುಗಳು ಬಂದವು. ಅಕ್ಕನಿಗೆ ಹೇಗೆ ಹೇಳುವುದು ಅಂತ ಎರಡು ದಿನ ಸುಮ್ಮನಿದ್ದೆ.

ನಿಮ್ಮ ಡಿಸ್ಕ್‌ನಲ್ಲಿರುವುದು ಬೇರೆಯವರ ಮದುವೆ. ಧಾರೆ ಇನ್ನೊಮ್ಮೆ ಎರೆಸಲು ಆಗುವುದಿಲ್ಲ. ಪ್ರೊಸೆಸರ್ ಸುಟ್ಟರೆ ಹೊಸದು ಅಂಗಡಿಯಲ್ಲಿ ಸಿಗುತ್ತದೆ. ಹಾಗಾಗಿ ‘ಸುಟ್ಟು ಹೋಗುತ್ತಾ’ ಅನ್ನುವ ಪ್ರಶ್ನೆಗಿಂತ ‘ನನಗೆ ಗೊತ್ತಾಗದೇ ತಪ್ಪು ಲೆಕ್ಕ ಹಾಕುತ್ತಾ’ ಅನ್ನುವುದು ನಿಮಗೆ ದೊಡ್ಡ ಪ್ರಶ್ನೆ. ಪ್ರಯೋಗ ಮಾಡುವ ದಿನಗಳಲ್ಲಿ ಮೂಲ ಫೂಟೇಜ್ ಇರುವ ಡಿಸ್ಕ್ ಬಿಚ್ಚಿಟ್ಟುಬಿಡಿ. ಕಾರ್ಡ್‌ಗಳನ್ನು ಫಾರ್ಮ್ಯಾಟ್ ಮಾಡಬೇಡಿ.

ಎರಡನೇ ಕೆಲಸ ಕೂಲರ್. ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಹೀಟ್ ಪೈಪ್ ಇರುವ, 120 ಮಿಲಿಮೀಟರ್ ಫ್ಯಾನ್‌ನ ಟವರ್ ಕೂಲರ್ ಸಾಕು. ನೀರಿನ ಕೂಲರ್ ನಿಮಗೆ ಬೇಡ. ಹಳೆಯದನ್ನು ಬಿಚ್ಚುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರಿ. ನಿಮ್ಮ ಎಎಂ4 ಸಾಕೆಟ್‌ನ ಪ್ರೊಸೆಸರ್‌ಗೆ ಹಿಂಬದಿಯಲ್ಲಿ 1331 ಪಿನ್‌ಗಳಿವೆ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಬಳಿದ ಹಳೆಯ ಥರ್ಮಲ್ ಪೇಸ್ಟ್ ಗಟ್ಟಿಯಾಗಿದ್ದರೆ, ಕೂಲರ್ ಎತ್ತಿದಾಗ ಲಾಕ್ ಹಾಕಿದ್ದರೂ ಪ್ರೊಸೆಸರ್ ಅದಕ್ಕೇ ಅಂಟಿಕೊಂಡು ಸಾಕೆಟ್‌ನಿಂದ ಕಿತ್ತು ಬರುತ್ತದೆ. ಪಿನ್ ಬಾಗುತ್ತವೆ. ಅದಕ್ಕೆ ಮೊದಲು ಸಿನಿಬೆಂಚ್ 10 ನಿಮಿಷ ಓಡಿಸಿ ಪೇಸ್ಟ್ ಬಿಸಿ ಮಾಡಿ. ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಫ್ಯಾನ್‌ನ ವೈರ್ ಬಿಡಿಸಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ನಂತರ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ. ಪೇಸ್ಟ್ ಬಿಟ್ಟದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಿ. ಬಾಕ್ಸ್ ಕೂಲರ್‌ನ ನಾಲ್ಕು ಸ್ಕ್ರೂ ತೆಗೆದಾಗ ಬೋರ್ಡ್ ಹಿಂದಿನ ಲೋಹದ ಪಟ್ಟಿ ಸಡಿಲವಾಗಿ ಕಳಚಿ ಬೀಳುತ್ತದೆ. ಗಾಬರಿ ಬೇಡ. ಒಂದು ಕೈಯಲ್ಲಿ ಅದನ್ನು ಹಿಂದಿನಿಂದ ಹಿಡಿದುಕೊಂಡೇ ಹೊಸ ಬ್ರಾಕೆಟ್ ಕೂರಿಸಿ. ಹೊಸ ಪೇಸ್ಟ್ ನಿಮ್ಮೂರಿನ ತೊಗರಿ ಕಾಳಿನಷ್ಟು ಸಾಕು, ನಡುವಲ್ಲಿ ಒಂದು ಹನಿ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳುವುದನ್ನು ಮರೆಯಬೇಡಿ.

ಇಷ್ಟೇ ಮಾಡಿ ಮತ್ತೆ ಸಿನಿಬೆಂಚ್ ಓಡಿಸಿ. ಏನೂ ಓವರ್‌ಕ್ಲಾಕ್ ಮಾಡದೇ ಅಂಕ ಸ್ವಲ್ಪ ಏರಿರುತ್ತದೆ. ಬಿಸಿ ಇಳಿದದ್ದಕ್ಕೆ ಒಳಗಿನ ಕೆಲಸಗಾರ ತಾನೇ ವೇಗ ಹೆಚ್ಚಿಸಿದ್ದಾನೆ.

ಈಗ ಬಯೋಸ್. ಮೊದಲು ಬೋರ್ಡ್ ತಯಾರಕರ ತಾಣದಿಂದ ಹೊಸ ಬಯೋಸ್ ಹಾಕಿಕೊಳ್ಳಿ. ಯುಪಿಎಸ್ ಇದ್ದರೆ ಮಾತ್ರ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದೇ ಹೋಗಬಹುದು. ನಂತರ ಪಿಬಿಓ ಅಂತ ಒಂದು ಆಯ್ಕೆ ಹುಡುಕಿ. ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಎಂಬುದರ ಚಿಕ್ಕ ಹೆಸರು ಅದು. ಅದನ್ನು ಅಡ್ವಾನ್ಸ್‌ಡ್ ಮಾಡಿದರೆ ಒಳಗೆ ಕರ್ವ್ ಆಪ್ಟಿಮೈಜರ್ ಸಿಗುತ್ತದೆ. ವೋಲ್ಟೇಜ್ ಇಳಿಸುವುದು ಇಲ್ಲೇ. ಆಲ್ ಕೋರ್ಸ್, ನೆಗೆಟಿವ್, 10. ಇಷ್ಟು ಹಾಕಿ ಸೇವ್ ಮಾಡಿ. ಪಿಬಿಓ ಲಿಮಿಟ್ಸ್ ಎಂಬಲ್ಲಿ ‘ಮದರ್‌ಬೋರ್ಡ್’ ಅನ್ನುವುದನ್ನು ಆರಿಸಬೇಡಿ. ಅದು 76 ವ್ಯಾಟ್ ಮಿತಿಯನ್ನು ಎಲ್ಲಿಗೋ ಎತ್ತಿಬಿಡುತ್ತದೆ. ಸ್ಕೇಲರ್, ಬೂಸ್ಟ್ ಓವರ್‌ರೈಡ್, ಸಿಪಿಯು ವೋಲ್ಟೇಜ್, ಇವು ಯಾವುದನ್ನೂ ಈಗ ಮುಟ್ಟಬೇಡಿ.

ಕರ್ವ್ ಆಪ್ಟಿಮೈಜರ್‌ನಲ್ಲಿ ಒಂದೊಂದು ಅಂಕಿ ಸುಮಾರು 3ರಿಂದ 5 ಮಿಲಿವೋಲ್ಟ್. 10 ಅಂದರೆ 30ರಿಂದ 50 ಮಿಲಿವೋಲ್ಟ್ ಇಳಿಕೆ. 30ರವರೆಗೂ ಇಳಿಸಬಹುದು. ಆದರೆ ಒಂದೇ ಸಲ 30 ಹಾಕುವವರೇ ಜಾಸ್ತಿ ಒದ್ದಾಡುವುದು. 10ರಲ್ಲಿ ಎರಡು ಮೂರು ದಿನ ಇರಿ. ನಂತರ 15, ಆಮೇಲೆ 20. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸಲವೂ ನೋಟ್‌ಬುಕ್‌ನಲ್ಲಿ ಒಂದು ಸಾಲು.

ಪರೀಕ್ಷೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸಿನಿಬೆಂಚ್‌ನಲ್ಲಿ ಪಾಸ್ ಆದರೆ ಮುಗಿಯಿತು ಅಂದುಕೊಳ್ಳುತ್ತಾರೆ. ವೋಲ್ಟೇಜ್ ಇಳಿಸಿದ ಪ್ರೊಸೆಸರ್ ಭಾರದ ಕೆಲಸದಲ್ಲಿ ಅಷ್ಟು ಬೇಗ ಬೀಳುವುದಿಲ್ಲ. ಹಗುರ ಕೆಲಸದಲ್ಲಿ ಬೀಳುತ್ತದೆ. ಯಾಕೆಂದರೆ ಆರೂ ಕೋರ್ ದುಡಿಯುವಾಗ ವೇಗ ಸ್ವಲ್ಪ ಕೆಳಗಿರುತ್ತದೆ. ಒಂದೇ ಕೋರ್ ಓಡುವಾಗ ಅದು ತುದಿಗೆ ಹೋಗುತ್ತದೆ, ಅಲ್ಲಿ ವೋಲ್ಟೇಜ್ ಸಾಲದೇ ಬರುತ್ತದೆ. ಎರಡು ಗಂಟೆ ಎಕ್ಸ್‌ಪೋರ್ಟ್ ಸರಾಗವಾಗಿ ಮುಗಿಸಿದ ಕಂಪ್ಯೂಟರ್, ನೀವು ಚಹಾ ಕುಡಿದು ಬಂದು ಒಂದು ಪಿಡಿಎಫ್ ತೆರೆದ ಕೂಡಲೇ ರೀಸ್ಟಾರ್ಟ್ ಆಗುತ್ತದೆ. ಹೀಗಾದರೆ ಕರೆಂಟನ್ನೋ ವಿಂಡೋಸನ್ನೋ ಬೈಯಬೇಡಿ. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಡಬ್ಲ್ಯೂಎಚ್‌ಇಎ ಲಾಗರ್ ಹೆಸರಿನ (ಹಾರ್ಡ್‌ವೇರ್ ತಪ್ಪಿನ) ದೂರು ಇದೆಯಾ ನೋಡಿ. ಇದ್ದರೆ ವೋಲ್ಟೇಜ್ ಜಾಸ್ತಿ ಇಳಿಸಿದ್ದೀರಿ ಅಂತಲೇ ಹಿಡಿಯಿರಿ. 5 ಅಂಕಿ ಹಿಂದಕ್ಕೆ ಬನ್ನಿ.

ಇದನ್ನು ಮೊದಲೇ ಹಿಡಿಯಲು ಕೋರ್‌ಸೈಕ್ಲರ್ ಅನ್ನುವ ಉಚಿತ ಸಾಧನವಿದೆ. ಅದು ಪ್ರೈಮ್95 ಪರೀಕ್ಷೆಯನ್ನು ಒಂದು ಸಲಕ್ಕೆ ಒಂದೇ ಕೋರ್ ಮೇಲೆ, ಸರದಿಯಂತೆ ಓಡಿಸುತ್ತದೆ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎದ್ದಾಗ ಯಾವ ಕೋರ್ ತಪ್ಪಿದೆ ಅಂತ ಹೆಸರಿಟ್ಟು ಹೇಳಿರುತ್ತದೆ. ಆ ಒಂದು ಕೋರ್‌ಗೆ ಮಾತ್ರ ಕಡಿಮೆ ಇಳಿಸಿ, ಉಳಿದವನ್ನು ಇದ್ದಲ್ಲೇ ಇಡಬಹುದು. ಸಾಮಾನ್ಯವಾಗಿ ಅತಿ ವೇಗದ ಕೋರ್‌ಗಳಿಗೇ ಇಳಿಸಲು ಜಾಗ ಕಡಿಮೆ ಇರುತ್ತದೆ.

ಇನ್ನೊಂದು ಮೋಸ ಹೋಗುವ ಜಾಗ. ವೋಲ್ಟೇಜ್ ತೀರಾ ಇಳಿದಾಗ ಕೆಲವು ಸಲ ಕಂಪ್ಯೂಟರ್ ಬೀಳುವುದಿಲ್ಲ. ಪರದೆಯಲ್ಲಿ 4.4 ಅಂತಲೇ ತೋರಿಸುತ್ತದೆ, ಒಳಗೆ ಮಾತ್ರ ನಡುನಡುವೆ ಹೆಜ್ಜೆ ತಪ್ಪಿಸಿ ನಿಧಾನ ಮಾಡಿಕೊಳ್ಳುತ್ತದೆ. ಎಚ್‌ಡಬ್ಲ್ಯೂಇನ್ಫೋದಲ್ಲಿ ಎಫೆಕ್ಟಿವ್ ಕ್ಲಾಕ್ ಎಂಬ ಸಾಲು ಬೇರೆಯೇ ಇದೆ. ಪೂರ್ತಿ ಲೋಡ್‌ನಲ್ಲಿ ಅದು ಪರದೆ ತೋರಿಸುವ ವೇಗಕ್ಕಿಂತ ಗಣನೀಯವಾಗಿ ಕಡಿಮೆ ಇದ್ದರೆ, ಅಥವಾ ಸಿನಿಬೆಂಚ್ ಅಂಕ ಏರುವ ಬದಲು ಇಳಿದರೆ, ಅದೇ ಗುರುತು. ಅಂಕ ಏರುವುದು ನಿಂತಲ್ಲಿ ನೀವೂ ನಿಲ್ಲಿ.

ತಾಪ 80ರ ಒಳಗಿದ್ದರೆ ಆಮೇಲೆ ವಿದ್ಯುತ್ ಮಿತಿ, ಅಂದರೆ ಪಿಪಿಟಿಯನ್ನು 76ರಿಂದ 88 ವ್ಯಾಟ್‌ಗೆ ಏರಿಸಿ ನೋಡಬಹುದು. ಗರಿಷ್ಠ ವೇಗದ ಮಿತಿ ಏರಿಸುವ ಬೂಸ್ಟ್ ಓವರ್‌ರೈಡ್‌ನಲ್ಲಿ 50 ಮೆಗಾಹರ್ಟ್ಸ್ ಕೊಡಬಹುದು. ಅದನ್ನು ಬದಲಿಸಿದ ಮೇಲೆ ಕೋರ್‌ಸೈಕ್ಲರ್ ಪರೀಕ್ಷೆ ಮತ್ತೆ ಮೊದಲಿಂದ. ನಿಮ್ಮ ಕೆಲಸಕ್ಕೆ ಇದಕ್ಕಿಂತ ಮುಂದೆ ಹೋಗಬೇಕಿಲ್ಲ.

ಬಯೋಸ್ ಬದಲಿಸಿದ ಮೇಲೆ ಪರದೆಯೇ ಬರದಿದ್ದರೆ? ಬಹಳಷ್ಟು ಬೋರ್ಡ್‌ಗಳು ಎರಡು ಮೂರು ಸಲ ಯತ್ನಿಸಿ ತಾವೇ ಹಳೆಯ ಸೆಟ್ಟಿಂಗ್‌ಗೆ ಮರಳುತ್ತವೆ. ಒಂದೆರಡು ನಿಮಿಷ ಕಾಯಿರಿ. ಆಗದಿದ್ದರೆ ಪವರ್ ಕೇಬಲ್ ಕಿತ್ತು, ಬೋರ್ಡ್ ಮೇಲಿನ ಸಿಮಾಸ್ ಕ್ಲಿಯರ್ ಪಿನ್ (ಬಯೋಸ್ ಸೆಟ್ಟಿಂಗ್ ಅಳಿಸುವ ಪಿನ್) ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಸೇರಿಸಿ ಹಿಡಿಯಿರಿ. ಅಥವಾ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಡಿ. ಆ ಪಿನ್ ಎಲ್ಲಿದೆ ಅಂತ ಇವತ್ತೇ ಮ್ಯಾನುಯಲ್‌ನಲ್ಲಿ ನೋಡಿ ಗುರುತು ಹಾಕಿಕೊಳ್ಳಿ.

ವಾರಂಟಿ ವಿಷಯವನ್ನೂ ಮುಚ್ಚಿಡುವುದಿಲ್ಲ. ಓವರ್‌ಕ್ಲಾಕ್‌ನಿಂದ ಆದ ಹಾನಿಯನ್ನು ನಿಮ್ಮ ಪ್ರೊಸೆಸರ್ ತಯಾರಿಸಿದ ಎಎಂಡಿಯ ವಾರಂಟಿ ಒಪ್ಪುವುದಿಲ್ಲ. ಪಿಬಿಓ ಕೂಡ ಓವರ್‌ಕ್ಲಾಕ್ ಲೆಕ್ಕಕ್ಕೇ ಬರುತ್ತದೆ. ವೋಲ್ಟೇಜ್ ಇಳಿಸುವುದರಿಂದ ಚಿಪ್ ಸವೆಯುವುದಿಲ್ಲ, ಆದರೆ ನಿಯಮ ನಿಯಮವೇ. ಗೊತ್ತಿದ್ದೇ ಕೈ ಹಾಕಿ.

ಇದೇ ಪ್ರಶ್ನೆ ಇರುವ ಬೇರೆಯವರಿಗೂ ಒಂದೆರಡು ಮಾತು. ಎಎಂಡಿಯ ಎ520 ಥರದ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಅಕ್ಷರವಿರುವ ಪ್ರೊಸೆಸರ್ ಮತ್ತು ಜೆಡ್ ಸರಣಿ ಬೋರ್ಡ್ ಎರಡೂ ಬೇಕು. 13 ಮತ್ತು 14ನೇ ತಲೆಮಾರಿನ ಐ7, ಐ9 ಇದ್ದವರು ಓವರ್‌ಕ್ಲಾಕ್ ಮರೆತು ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ಆ ಚಿಪ್‌ಗಳು ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ಪಡೆದು ಕೆಡುತ್ತಿದ್ದವು. ಅದಕ್ಕೆ ಇಂಟೆಲ್ 2024ರಲ್ಲಿ ಪರಿಹಾರ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು.

ಮತ್ತೆ ನಿಮ್ಮ ವಿಷಯಕ್ಕೆ. ಇಷ್ಟೆಲ್ಲ ಮಾಡಿದರೆ ಎಕ್ಸ್‌ಪೋರ್ಟ್ ಎಷ್ಟು ಬೇಗ ಆಗುತ್ತದೆ? ರ‍್ಯಾಮ್ ಇಲ್ಲಿಯವರೆಗೆ 2133ರಲ್ಲಿ ಇದ್ದಿದ್ದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಉಳಿದದ್ದರಿಂದ ಶೇ. 3ರಿಂದ 6ರಷ್ಟು ನಿರೀಕ್ಷಿಸಿ. 60 ನಿಮಿಷದ ಕೆಲಸ 57 ನಿಮಿಷ. ಫ್ಯಾನ್ ಸದ್ದು ಕಡಿಮೆಯಾಗುವುದು ಇದಕ್ಕಿಂತ ದೊಡ್ಡ ಲಾಭ ಅನ್ನಿಸಬಹುದು. ಟೈಮ್‌ಲೈನ್ ತಡವರಿಸುವುದೇ ನಿಮ್ಮ ತೊಂದರೆಯಾದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ತುಂಬಿದೆಯಾ ನೋಡಿ. ಎರಡು ಕ್ಯಾಮೆರಾದ ಫೋರ್‌ಕೆ ಫೂಟೇಜ್‌ಗೆ 16 ಜಿಬಿ ಸಾಲದು. ಹಾಗಿದ್ದರೆ ಕೈಯಲ್ಲಿರುವ ದುಡ್ಡು 32 ಜಿಬಿಗೆ ಹೋಗಲಿ, ಕೂಲರ್ ಆಮೇಲೆ ಬರಲಿ. 550 ವ್ಯಾಟ್ ಪವರ್ ಸಪ್ಲೈ ಒಳ್ಳೆಯ ಕಂಪನಿಯದಾದರೆ ಪ್ರೊಸೆಸರ್ ಮಟ್ಟಿಗೆ ಧಾರಾಳ ಸಾಕು. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್‌ದಾಗಿದ್ದರೆ ಮಾತ್ರ ಕಂಪ್ಯೂಟರನ್ನು ಅದಕ್ಕೆ ಹಾಕಬೇಡಿ.

ಮಳೆಗಾಲ ಅಥವಾ ಚಳಿಗಾಲದಲ್ಲಿ ಸೆಟ್ ಮಾಡಿದರೆ ಏಪ್ರಿಲ್ ಕೊನೆಯಲ್ಲಿ, ಮಧ್ಯಾಹ್ನ ಮೂರಕ್ಕೆ, ಬಾಗಿಲು ಹಾಕಿದ ಕೋಣೆಯಲ್ಲಿ 10 ನಿಮಿಷದ ಸಿನಿಬೆಂಚ್ ಮತ್ತೊಮ್ಮೆ ಓಡಿಸಿ. 85 ದಾಟಿದರೆ ಪಿಪಿಟಿಯನ್ನು 76ಕ್ಕೇ ಇಳಿಸಿ. ಅದಕ್ಕೂ ಮೊದಲು ಕೂಲರ್‌ನ ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ.